ಒರೆಸಮ್ಮನ ಎಮ್ಮೆ

ಮಕ್ಕಳು ಆಕೆಗೆ ಇಟ್ಟ ಹೆಸರು ಒರೆಸಮ್ಮ. ಶಾಲೆಯ ಆಯಾ ಆಗಿ ಇಪ್ಪತ್ತಾರು ವರ್ಷ ಅವಳು ಮಾಡಿದ್ದೂ ಅದನ್ನೇ. ಬೆಂಚು, ನೆಲ, ಕಿಟಕಿ, ಗೋಡೆ. ಮಕ್ಕಳು ಗೋಡೆ ಮೇಲೆ ಏನು ಗೀಚಿದರೂ ಮರುದಿನ ಬೆಲ್ ಹೊಡೆಯುವಷ್ಟರಲ್ಲಿ ಮಾಯ. ಪೆನ್ಸಿಲ್ ಗೆರೆಗೆ ಹಳೇ ರಬ್ಬರ್ ಚಪ್ಪಲಿಯ ತುಂಡು, ಮೇಣದ ಬಣ್ಣಕ್ಕೆ ಬಿಸಿನೀರು ಮತ್ತು ಸೋಪು. ಇದ್ದಿಲಿಗೆ ಮೊದಲು ಒಣ ಬಟ್ಟೆ, ಆಮೇಲೆ ನೀರು. ಅವಸರಪಟ್ಟು ಮೊದಲೇ ನೀರು ಹಾಕಿದರೆ ಗೋಡೆಯೆಲ್ಲ ಮಸಿ. ಈ ವಿದ್ಯೆಯಲ್ಲಿ ಅವಳನ್ನು ಮೀರಿಸುವವರಿರಲಿಲ್ಲ.

ಆ ವರ್ಷ ಬೇಸಿಗೆ ರಜೆಗೆ ಮಗಳು ತನ್ನ ಏಳು ವರ್ಷದ ಹುಡುಗಿಯನ್ನು ತಂದುಬಿಟ್ಟು ಹೋದಳು. ಮೂರೇ ದಿನಕ್ಕೆ ಮೊಮ್ಮಗಳು ಓಣಿಯ ಮಕ್ಕಳನ್ನೆಲ್ಲ ಕಟ್ಟಿಕೊಂಡಳು. ನಾಲ್ಕನೇ ದಿನ ಬೆಳಗ್ಗೆ ಪಕ್ಕದ ಮನೆಯ ಗುಮಾಸ್ತರ ಕೂಗು ಓಣಿಯ ತುದಿವರೆಗೂ ಕೇಳಿಸಿತು.

"ಮೊನ್ನೆ ತಾನೇ ಸುಣ್ಣ ಹೊಡೆಸಿದ ಕಾಂಪೌಂಡ್ ಕಣಮ್ಮ! ನೋಡು ಬಾ ನಿನ್ನ ಮೊಮ್ಮಗಳ ಕೆಲಸಾನ!"

ಗುಮಾಸ್ತರು ಕೆಲಸದಿಂದ ನಿವೃತ್ತರಾಗಿದ್ದರು, ಕೋಪದಿಂದ ಇನ್ನೂ ಆಗಿರಲಿಲ್ಲ. ಗೋಡೆ ತುಂಬ ಇದ್ದಿಲಿನ ಗೀಚು. ಒರೆಸಮ್ಮ ಒಣ ಬಟ್ಟೆ ಹಿಡಿದು ಗೋಡೆಯ ಮುಂದೆ ನಿಂತಳು. ಎರಡು ಸಲ ಉಜ್ಜಿದ್ದಳೋ ಇಲ್ಲವೋ, ಹುಡುಗಿ ಅವಳ ಸೆರಗು ಜಗ್ಗಿದಳು.

"ಅಜ್ಜಿ, ತಲೆ ಒರೆಸಬೇಡ. ಅದು ನೀನು!"

ಕೈ ನಿಂತಿತು. ಒಂದು ಹೆಜ್ಜೆ ಹಿಂದೆ ಬಂದು ನೋಡಿದಳು. ಹೌದು, ಗುಂಡಗಿನ ತುರುಬು, ಒಂದು ಕೈಯಲ್ಲಿ ಬಕೆಟ್ಟು, ಮುಖದ ತುಂಬ ಹಲ್ಲು. ಇಪ್ಪತ್ತಾರು ವರ್ಷದಲ್ಲಿ ಎಷ್ಟು ಗೋಡೆ ಒರೆಸಿದ್ದಳೋ, ಏನನ್ನು ಒರೆಸುತ್ತಿದ್ದೇನೆ ಅಂತ ಒಮ್ಮೆಯೂ ನಿಂತು ನೋಡಿರಲಿಲ್ಲ. ಗುಮಾಸ್ತರು ಹಿಂದೆಯೇ ನಿಂತಿದ್ದರಿಂದ ಒರೆಸಲೇಬೇಕಾಯಿತು. ಆದರೆ ಅವತ್ತು ಊಟ ರುಚಿಸಲಿಲ್ಲ.

"ಮಕ್ಕಳು ಗೀಚದೆ ಇನ್ನೇನು ಮಾಡ್ತಾವ್ರೀ?" ಎಂದಳು ಗಂಡನ ಹತ್ತಿರ. ಅವನು ಸಾಮಾನು ಸಾಗಿಸುವ ವ್ಯಾನಿನ ಡ್ರೈವರು, ನಗಿಸದೆ ಮಾತು ಮುಗಿಸುವವನಲ್ಲ.

"ಗೀಚಲಿ ಬಿಡು. ಅವರು ಗೀಚದಿದ್ರೆ ನಿನ್ನ ಕೆಲಸ ಹೋಗುತ್ತೆ."

ಗಿಡಗಳಿಗೆ ನೀರು ಹಾಕಲೆಂದು ರಜೆಯಲ್ಲೂ ಓಣಿಯ ಪಕ್ಕದಲ್ಲೇ ಇದ್ದ ಶಾಲೆಯ ಬೀಗದಕೈ ಅವಳ ಹತ್ತಿರವೇ ಇರುತ್ತಿತ್ತು. ಹೆಡ್‌ಮಿಸ್ಸಿಗೆ ಫೋನ್ ಮಾಡಿ, ಅಂಗಳದಲ್ಲಿ ಮಕ್ಕಳನ್ನು ಆಡಿಸಬಹುದಾ ಎಂದು ಕೇಳಿದಳು.

"ಸರಿ, ಆದರೆ ಒಂದು ಕಲೆ ಉಳೀಬಾರದು," ಎಂದರು ಅವರು.

"ಉಳಿಯಲ್ಲಮ್ಮ. ಯಾವುದು ಹೋಗುತ್ತೆ, ಯಾವುದು ಹೋಗಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಮೊದಲ ದಿನ ಬರೀ ನೀರು. ಬಿಸಿಲಿಗೆ ಕಾದ ಸಿಮೆಂಟ್ ಅಂಗಳದ ಮೇಲೆ ಪೊರಕೆ, ಬಟ್ಟೆ, ಹಳೇ ಬ್ರಷ್ಷು ಅದ್ದಿ ಬರೆಯುವುದು. ಆನೆಯ ಬಾಲ ಬರೆಯುವಷ್ಟರಲ್ಲಿ ಸೊಂಡಿಲು ಆವಿಯಾಗಿರುತ್ತಿತ್ತು. ಮಕ್ಕಳು ಸೂರ್ಯನ ಜೊತೆ ಪಂದ್ಯ ಕಟ್ಟಿದವರಂತೆ ಓಡಾಡಿ ಬರೆದರು, ಒದ್ದೆಯಾದರು, ಬಿದ್ದು ಬಿದ್ದು ನಕ್ಕರು. ಆಮೇಲೆ ಹಳೇ ಬೆಡ್‌ಶೀಟನ್ನು ಹಗ್ಗಕ್ಕೆ ನೇತುಹಾಕಿ, ಕೆಮ್ಮಣ್ಣು, ಎಲೆಯ ರಸ, ಬೀಟ್‌ರೂಟ್ ಸಿಪ್ಪೆಯ ನೀರು, ಕುದಿಸಿದ ಟೀಪುಡಿ ಎಲ್ಲವನ್ನೂ ಬಣ್ಣ ಮಾಡಿಕೊಂಡರು. ಐದು ಮಕ್ಕಳು ಹನ್ನೊಂದಾದರು, ಹನ್ನೊಂದು ಇಪ್ಪತ್ತಾಯಿತು.

ಗದ್ದಲ ತಡೆಯಲಾರದೆ ಒಂದು ಬೆಳಗ್ಗೆ ಗುಮಾಸ್ತರು ಬಂದೇಬಿಟ್ಟರು. ಅವತ್ತು ಮಕ್ಕಳು ಸೀಮೆಸುಣ್ಣ ಹಿಡಿದು ಮರದ ನೆರಳಿನ ಅಂಚು ತೀಡುತ್ತಿದ್ದರು. ಗುಮಾಸ್ತರು ಅಂಗಳದ ನಡುವೆ ನಿಂತು, ಬಲಗೈ ಮೇಲೆತ್ತಿ ಶಿಸ್ತು, ಶಾಂತಿ, ನೆರೆಹೊರೆ ಎಂದು ಶುರುಮಾಡಿದರು. ಮಕ್ಕಳು ಸುತ್ತ ತಲೆ ತಗ್ಗಿಸಿ ಕುಳಿತರು. ಎಷ್ಟು ವಿನಯ ಎಂದು ಅವರಿಗೂ ಸಮಾಧಾನವಾಗಿ, ಇನ್ನೊಂದು ಹತ್ತು ನಿಮಿಷ ಬೈದರು. ಕೈ ಇಳಿಸಿ ಕೆಳಗೆ ನೋಡಿದರೆ, ಕೈ ಎತ್ತಿಕೊಂಡೇ ಇರುವ ಇನ್ನೊಬ್ಬ ಗುಮಾಸ್ತರು ನೆಲದ ಮೇಲೆ ಮಲಗಿದ್ದಾರೆ! ಮೂಗು, ಕನ್ನಡಕದ ಕಡ್ಡಿ, ಕಿವಿಯ ಮೇಲೆ ನಿಮಿರಿದ ಎರಡು ಕೂದಲು, ಒಂದೂ ತಪ್ಪಿಲ್ಲ.

ಒರೆಸಮ್ಮ ಒರೆಸುವ ಬಟ್ಟೆ ಹಿಡಿದು ಓಡಿ ಬಂದಳು. ಗುಮಾಸ್ತರು ತಮ್ಮನ್ನೇ ಬಗ್ಗಿ ಬಗ್ಗಿ ನೋಡಿದರು. ಮೊದಲು ಹೊಟ್ಟೆ ಅಲುಗಿತು, ಆಮೇಲೆ ಭುಜ, ಕೊನೆಗೆ ನಗು ಹೊರಬಿತ್ತು.

"ನಾನು ಇಷ್ಟು ಉದ್ದ ಇದೀನೇನಮ್ಮ?"

"ಬೆಳಗಿನ ನೆರಳು ಸಾರ್, ಹಾಗೇ ಕಾಣುತ್ತೆ," ಎಂದಳು ಒರೆಸಮ್ಮ. ಮಾರನೇ ದಿನ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿ, ಛತ್ರಿ ಹಿಡಿದು ಬಂದು, "ಈಗ ಬರೀರಿ, ಸರಿಯಾಗಿ," ಎಂದು ನಿಂತುಕೊಂಡರು.

ರಜೆ ಮುಗಿಯುತ್ತ ಬಂದಾಗ ಮೊಮ್ಮಗಳು ಹಟ ಹಿಡಿದಳು. "ಎಲ್ಲರೂ ಬರೆದಾಯ್ತು. ಇವತ್ತು ನೀನು ಬರೆಯಬೇಕು ಅಜ್ಜಿ."

"ನನಗೆ ಒರೆಸೋದು ಬಿಟ್ಟು ಬೇರೇನೂ ಬರಲ್ಲ ಕಣೇ ಪುಟ್ಟಿ."

ಮಕ್ಕಳು ಬಿಡಬೇಕಲ್ಲ! ಸೀಮೆಸುಣ್ಣ ಕೈಗೆ ತುರುಕಿದರು. ಒತ್ತಿ ಹಿಡಿದದ್ದೇ ಅದು ಎರಡು ತುಂಡಾಯಿತು. ಮರಕ್ಕೆ ಒರಗಿಸಿಟ್ಟ ಹಳೇ ಕರಿಹಲಗೆಯೊಂದಿತ್ತು. ಬೆಳಗಿನಿಂದ ಮಕ್ಕಳು ಅದಕ್ಕೆ ಸೀಮೆಸುಣ್ಣದ ಪುಡಿ ಬಳಿದು ಬಳಿದು ಬೆಳ್ಳಗೆ ಮಾಡಿಟ್ಟಿದ್ದರು. ಒರೆಸಮ್ಮ ಅದನ್ನೇ ನೋಡುತ್ತ ನಿಂತಳು. ಆಮೇಲೆ ಬಕೆಟ್ಟಿನಲ್ಲಿ ಬಟ್ಟೆ ಅದ್ದಿ, ಹಿಂಡಿ, ಹಲಗೆಯ ನಡುವೆ ದೊಡ್ಡದಾಗಿ ಒಂದು ಸುತ್ತು ಒರೆಸಿದಳು. ಒರೆಸಿದ ಕಡೆ ಕಪ್ಪು ಮೂಡಿತು. ಇನ್ನೊಂದು ಸುತ್ತಿಗೆ ಹೊಟ್ಟೆ, ಕೆಳಗೆಳೆದರೆ ನಾಲ್ಕು ಕಾಲು, ಬಟ್ಟೆಯ ತುದಿ ತಿರುವಿದರೆ ಬಾಗಿದ ಕೊಂಬು. ಚಿಕ್ಕಂದಿನಲ್ಲಿ ತವರುಮನೆಯಲ್ಲಿದ್ದ ಎಮ್ಮೆ! ಕಣ್ಣಿನ ಜಾಗದಲ್ಲಿ ಮಾತ್ರ ಬಿಳಿ ಉಳಿಸಿದಳು. ಕೊನೆಗೆ ಕಿರುಬೆರಳಿಂದ ಅದರ ಬೆನ್ನ ಮೇಲೊಂದು ಹಕ್ಕಿ.

ಮಕ್ಕಳು ಒಮ್ಮೆಗೇ ಹೋ ಎಂದರು. ಊಟದ ಡಬ್ಬಿ ತಂದಿದ್ದ ಗಂಡ ಬಾಗಿಲಲ್ಲೇ ನಿಂತುಬಿಟ್ಟ.

"ಏನೇ ಇದು! ಇದಕ್ಕೆ ಹುಲ್ಲು ಯಾರು ಹಾಕೋದು?" ಅಂದನೇನೋ ಸರಿ, ಡಬ್ಬಿ ಕೆಳಗಿಡುವುದನ್ನೇ ಮರೆತಿದ್ದ. ಒರೆಸಮ್ಮ ನಗುತ್ತ ಸೆರಗಿನಲ್ಲಿ ಕಣ್ಣೊತ್ತಿಕೊಂಡಳು. ಮೂಗಿಗೂ ಸುಣ್ಣ ಮೆತ್ತಿತು.

ಶಾಲೆ ತೆರೆದ ದಿನ ಹೆಡ್‌ಮಿಸ್ಸು ಅಂಗಳ ಪೂರ್ತಿ ಸುತ್ತಿದರು. ಮಾತು ಕೊಟ್ಟಂತೆ ಒಂದು ಕಲೆಯೂ ಇರಲಿಲ್ಲ. ಆದರೆ ಎಮ್ಮೆಯ ಹಲಗೆಯನ್ನು ಮಕ್ಕಳು ಒರೆಸಲು ಬಿಟ್ಟಿರಲಿಲ್ಲ. ಹೆಡ್‌ಮಿಸ್ಸು ಅದರ ಮುಂದೆ ನಿಂತು, ನಡೆದದ್ದನ್ನೆಲ್ಲ ಕೇಳಿ ತಿಳಿದುಕೊಂಡು, ಶನಿವಾರದ ಕೊನೇ ಪೀರಿಯಡ್ಡನ್ನು ಅಂಗಳದ ಚಿತ್ರಕ್ಕೆಂದು ಬಿಟ್ಟುಕೊಟ್ಟರು, ನೋಡಿಕೊಳ್ಳುವವಳು ಒರೆಸಮ್ಮನೇ.

ಮೊದಲ ಶನಿವಾರ ಆಕೆ ಬಕೆಟ್ಟುಗಳಿಗೆ ನೀರು ತುಂಬುತ್ತಿದ್ದಳು. ಒಂದನೇ ಕ್ಲಾಸಿನ ಪುಟಾಣಿಯೊಂದು ಹಿಂದೆ ಬಂದು, "ಮಿಸ್, ಮಿಸ್, ನಾನು ಮೀನು ಬರೀಲಾ?" ಎಂದಿತು. ಯಾವ ಮಿಸ್ಸು ಬಂದರಪ್ಪ ಎಂದು ಒರೆಸಮ್ಮ ಸುತ್ತ ನೋಡಿದಳು. ಯಾರೂ ಇರಲಿಲ್ಲ.

"ಬರಿಯಪ್ಪ, ದೊಡ್ಡದಾಗಿ ಬರಿ," ಎಂದಳು.