ಶೈಲಾಳ ಹೆಸರಿನಲ್ಲಿ ನಾನು ತುಂಬಿದ ಫಾರಂ

ಶೈಲಾ, ಆ ಫಾರಂ ನಾನು ಕೊಡಲಿಲ್ಲ. ನೀನು ಬರೆದದ್ದನ್ನು ಹರಿದು ಹಾಕಿ, ನಿನ್ನ ಹೆಸರಿನಲ್ಲಿ ಬೇರೆಯದನ್ನು ತುಂಬಿ ಕೊಟ್ಟೆ. ಆರು ವರ್ಷವಾಯಿತು — ಈ ಮಾತನ್ನು ಇವತ್ತೇ ಮೊದಲ ಸಲ ಬರೆಯುತ್ತಿದ್ದೇನೆ.

ಇಬ್ಬರೂ ಎಂ.ಎಸ್ಸಿ. ರಸಾಯನಶಾಸ್ತ್ರದ ಕೊನೆಯ ವರ್ಷದಲ್ಲಿದ್ದೆವು. ನೀನು ಕಂದಿಕೆರೆಯವಳು, ನಾನು ನೊಣವಿನಕೆರೆಯವಳು. ಹಾಸ್ಟೆಲಿನಲ್ಲಿ ಒಂದೇ ರೂಮು, ಪ್ರಾಜೆಕ್ಟೂ ಒಂದೇ. ಎಳನೀರು ಕೆಡುವಾಗ ಅದರ ಸಕ್ಕರೆ ಎಷ್ಟು ಬೇಗ ಇಳಿಯುತ್ತದೆ ಎಂಬುದು ನಮ್ಮ ವಿಷಯ. ನಿಮ್ಮ ತೋಟದ ಎಳನೀರನ್ನು ನಿಮ್ಮಪ್ಪ ಬಸ್ಸಿಗೆ ಹಾಕಿ ಕಳಿಸುತ್ತಿದ್ದರು. ಆ ವರ್ಷ ಒಂದರ ಮೇಲೊಂದು — ಇಂಟರ್ನಲ್ಸ್, ಸೆಮಿನಾರು, ನೆಟ್ ಪರೀಕ್ಷೆ, ಏನು ತೋರಿಸಿದರೂ "ಇಷ್ಟೇನಾ?" ಎನ್ನುವ ಗೈಡ್ ಮೇಷ್ಟ್ರು. ನಾನು ಎದೆಯುರಿಯ ಮಾತ್ರೆ ನುಂಗುತ್ತಾ ಹೇಗೋ ತಳ್ಳುತ್ತಿದ್ದೆ. ನೀನು — ಲ್ಯಾಬಿನಲ್ಲಿ ತೊಳೆದ ಬ್ಯೂರೆಟ್ಟಿನ ಗಾಜಿನ ಕೊಳವೆಯನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದೆ. ಊಟದ ತಟ್ಟೆಯ ಮುಂದೆ ಕೂತು ರೀಡಿಂಗುಗಳನ್ನು ಪಿಸುಗುಟ್ಟುತ್ತಿದ್ದೆ. ನಾನು ನೋಡಿದ್ದೆ. ನೋಡಿಯೂ...

ಒಂದು ದಿನ ವಿದ್ಯಾರ್ಥಿಗಳ ಒತ್ತಡದ ಬಗ್ಗೆ ಪ್ರಶ್ನೆಗಳಿದ್ದ ಫಾರಂ ಬಂತು. ಕಷ್ಟದಲ್ಲಿರುವವರನ್ನು ಆಪ್ತಸಮಾಲೋಚಕಿ ಗುಟ್ಟಾಗಿ ಕರೆದು ಮಾತಾಡಿಸುತ್ತಾರೆ ಎಂದಿದ್ದರು. ಕ್ಲಾಸ್ ರೆಪ್ ನಾನೇ. ಫಾರಂಗಳನ್ನು ಸೇರಿಸಿ ಕೊಡುವವಳೂ ನಾನೇ. ನೀನು ನಾಲ್ಕಾಗಿ ಮಡಚಿ ನನ್ನ ಕೈಗಿಟ್ಟೆ. "ಓದ್ಬೇಡ ಕಣೇ, ಹಂಗೇ ಕೊಟ್ಬುಡು."

ಓದಿದೆ. 'ಮೂರು ವಾರದಿಂದ ನಿದ್ದೆಯಿಲ್ಲ. ಪುಸ್ತಕ ತೆರೆದರೆ ಅಕ್ಷರ ಕಾಣುತ್ತದೆ, ಅರ್ಥ ಹತ್ತುವುದಿಲ್ಲ. ದಯವಿಟ್ಟು ಯಾರಾದರೂ ನನ್ನನ್ನು ಕರೆದು ಕೇಳಿ.'

ಹೆದರಿದೆ — ನಿನಗಾಗಿ ಎಂದರೆ ಸುಳ್ಳಾಗುತ್ತದೆ. ನಿನ್ನನ್ನು ರಜೆ ಕೊಟ್ಟು ಊರಿಗೆ ಕಳಿಸಿದರೆ ಪ್ರಾಜೆಕ್ಟು ನಿಲ್ಲುತ್ತದೆ, ನನ್ನ ಒಂದು ವರ್ಷ ಹೋಗುತ್ತದೆ — ಹೆದರಿದ್ದು ಅದಕ್ಕೆ. ಖಾಲಿ ಫಾರಂ ಒಂದು ಉಳಿದಿತ್ತು. ನಿನ್ನ ಹೆಸರು ಬರೆದು, ಎಲ್ಲ ಪ್ರಶ್ನೆಗೂ 'ಇಲ್ಲ' ಎಂದು ಗುರುತು ಹಾಕಿದೆ. ಎರಡು ನಿಮಿಷವೂ ಹಿಡಿಯಲಿಲ್ಲ.

ನೀನು ಕಾದೆ. ಪಕ್ಕದ ಬೆಂಚಿನ ಹುಡುಗಿಯನ್ನು ಕರೆದರು, ನಿನ್ನನ್ನು ಕರೆಯಲಿಲ್ಲ. "ನನ್ನ ಯಾಕೇ ಕರೀಲಿಲ್ಲ?" ಎಂದು ಕೇಳಿದೆ ನೀನು. ಆಗ ನಾನಂದ ಮಾತು — "ಎಲ್ರಿಗೂ ಇರೋದೇ ಅಂತ ಬುಟ್ಟಿರ್ತಾರೆ ಕಣೇ. ಅಂಥಾದ್ದೇನಾಗೈತೆ ನಿಂಗೆ?"

ನೀನು ತಲೆಯಾಡಿಸಿದೆ. ಆಮೇಲೆ ಯಾರಿಗೂ ಏನೂ ಹೇಳಲಿಲ್ಲ.

ಸೆಮಿನಾರಿನ ದಿನ ನೀನು ಬೋರ್ಡಿನ ಮೇಲೆ ಮೊದಲ ಸಮೀಕರಣವನ್ನು ಅರ್ಧ ಬರೆದೆ. ಸೀಮೆಸುಣ್ಣವನ್ನು ಹಾಗೇ ಒತ್ತಿ ಹಿಡಿದು ನಿಂತೆ. ಮೇಷ್ಟ್ರು ಹೆಸರು ಹಿಡಿದು ಕೂಗಿದರೂ ತಿರುಗಲಿಲ್ಲ. ನಿಂತಲ್ಲೇ ಕುಸಿದೆ. ಸಂಜೆ ನಿಮ್ಮಪ್ಪ ಬಂದರು. ನಿನ್ನನ್ನು ಬಸ್ಸಿನಲ್ಲಿ ಕೂರಿಸಿ, ಕೆಳಗಿಳಿದು ನನ್ನ ಕೈ ಹಿಡಿದುಕೊಂಡರು: "ಜೊತೇಲಿ ನೀನಿದ್ದೀಯ ಅಂತ ನಾವು ಧೈರ್ಯವಾಗಿದ್ವಿ ಕಣವ್ವಾ. ಮೊದ್ಲೇ ಒಂದು ಮಾತು ಗೊತ್ತಾಗಿದ್ರೆ..."

ನಿಲ್ಲುತ್ತದೆ ಎಂದುಕೊಂಡಿದ್ದ ಪ್ರಾಜೆಕ್ಟು ನಿಲ್ಲಲೂ ಇಲ್ಲ. ನಾನೊಬ್ಬಳೇ ಮುಗಿಸಿದೆ, ಒಳ್ಳೆಯ ಅಂಕವೂ ಬಂತು. ಈಗ ತಿಪಟೂರಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ನೀನು ಎರಡು ವರ್ಷ ಔಷಧಿ ತಿಂದು ಎದ್ದು ಕೂತೆ. ಚಿಕ್ಕನಾಯಕನಹಳ್ಳಿಯ ತೆಂಗಿನ ನಾರಿನ ಕಾರ್ಖಾನೆಗೆ ಹೋಗುತ್ತೀಯ. ಎಂ.ಎಸ್ಸಿ. ಅರ್ಧಕ್ಕೇ ಉಳಿಯಿತು.

ಹೋದ ತಿಂಗಳು ನಿಮ್ಮ ಮನೆಗೆ ಬಂದಾಗ ನೀನಂದೆ — "ಬೇರೆ ಯಾರೂ ತಿರುಗಿ ನೋಡ್ಲಿಲ್ಲ. ನೀನೊಬ್ಳೇ ಕಣೇ ನಂಗೆ ಆಗಿದ್ದು." ಸತ್ಯ ನಾಲಿಗೆಯ ತುದಿಗೆ ಬಂದಿತ್ತು. ನೀನು ಕೊಟ್ಟ ಕಾಫಿ ಕುಡಿದು, "ಬತ್ತೀನಿ" ಎಂದು ಎದ್ದೆ.

ಇದನ್ನು ಅಂಚೆಗೆ ಹಾಕುವುದಿಲ್ಲ. ಭಾನುವಾರ ನಿನಗೆ ರಜೆ. ಎದುರಿಗೆ ಕೂತು ಓದುತ್ತೇನೆ, ಕೊನೆಯವರೆಗೂ. ಆಮೇಲೆ ನೀನು ಏನಂದರೂ — ಏನೂ ಅನ್ನದಿದ್ದರೂ... ಎದ್ದು ಹೋಗು ಎಂದರೆ ಎದ್ದು ಬರುತ್ತೇನೆ.