ದೇಯಿಯ ಕೆಂಪು ಚಿತ್ರಮೂಲ

ಬೋಳಾರದ ದೇಯಿಗೆ ಹಾವಿಗಿಂತ ತಾನೇ ಬೆಳೆಸಿದ ಬೇರಿನ ಹೆದರಿಕೆ ಹೆಚ್ಚು. ಗಂಡ ಗುರುವಪ್ಪ ತೀರಿಹೋದ ಮೇಲೆ ಹೊಳೆಬದಿಯ ಮರಳುಮಣ್ಣಿನಲ್ಲಿ ಅವಳು ಕೆಂಪು ಚಿತ್ರಮೂಲ ನೆಟ್ಟಳು. ಅದು ಔಷಧಿಯ ಬೇರು. ಬಂದರಿನ ಮೂಸಬ್ಬ ಸಾಹುಕಾರರು ಕೊಂಡು ಕಲ್ಲಿಕೋಟೆಯ ವೈದ್ಯರಿಗೆ ಕಳಿಸುತ್ತಿದ್ದರು. ಹಸಿ ಬೇರಿನ ರಸ ತಾಗಿದರೆ ಚರ್ಮ ಬೊಕ್ಕೆ ಏಳುತ್ತದೆ. ಬಸುರಿಯ ಹೊಟ್ಟೆಗೆ ಹೋದರೆ ಬಸಿರು ನಿಲ್ಲುವುದಿಲ್ಲ. ಅದಕ್ಕೇ ಕೈಗೆ ಎಣ್ಣೆ ಸವರಿ ಅಗೆಯಬೇಕು, ಸುಣ್ಣದ ನೀರಿನಲ್ಲಿ ನೆನೆಸಿ ವಿಷ ಇಳಿಸಬೇಕು. ಆ ಬಿಳಿ ನೀರು ಕೆಂಪಾಗುವುದನ್ನು ನೋಡಿದ ದಿನ ನೆರೆಮನೆಯ ನನಗಂತೂ ಊಟ ಸೇರುತ್ತಿರಲಿಲ್ಲ.

ಉಪ್ಪಿನ ಸತ್ಯಾಗ್ರಹದ ಮರುವರ್ಷ, ಬೇರು ಅಗೆಯುವ ಹೊತ್ತಿಗೆ ಮಗಳು ಚಂಪಾ ತುಂಬು ಬಸುರಿ. ದೇಯಿ ಅವಳನ್ನು ಅಂಗಳ ದಾಟಲು ಬಿಡಲಿಲ್ಲ. ಬಲು ಜಾಗ್ರತೆಯ ಹೆಂಗಸು! ಆದರೆ ಕೊನೆಯ ಬುಟ್ಟಿಗೆ ಸುಣ್ಣ ಸಾಲದೆ ಬಂದಾಗ, ಜಗಲಿಯಲ್ಲಿದ್ದ ಎಲೆಯಡಿಕೆಯ ಸುಣ್ಣದ ಭರಣಿಗೆ ಬೇರಿನ ರಸ ಮೆತ್ತಿದ ಕೈಯನ್ನೇ ಹಾಕಿ ಬಾಚಿಕೊಂಡು ಹೋದಳು.

ತಿರುಗಿ ಬಂದಾಗ ಜಗಲಿಯ ಕಂಬದ ಮೇಲೆ ಹಸಿ ಸುಣ್ಣದ ಗೆರೆ ಕಂಡಿತು. ಹೆಚ್ಚಾದ ಸುಣ್ಣವನ್ನು ಕಂಬಕ್ಕೆ ಒರೆಸುವುದು ಆ ಮನೆಯವರ ಅಭ್ಯಾಸ. ಗೆರೆ ಕೆಂಪಗಿತ್ತು. ಬಾಯಿಯ ಕೆಂಪು ಬೆರಳಿಗೆ ತಾಗಿ ವೀಳ್ಯ ತಿನ್ನುವವರ ಸುಣ್ಣ ಯಾವಾಗಲೂ ಸ್ವಲ್ಪ ಕೆಂಪೇ. ಅದರಿಂದ ಚಂಪಾಳಿಗೆ ಅನುಮಾನ ಬಂದಿರಲಿಲ್ಲ.

"ಎಲೆ ತಿಂದೆಯಾ?" ತಾಯಿ ಕೇಳಿದಳು.

"ಹೌದು ಅಪ್ಪೆ. ಎಂತ? ಈ ಸುಣ್ಣ ಭಾರೀ ಖಾರ ಮಾರಾಯ್ತಿ, ನಾಲಿಗೆ ಉರಿತಾ ಉಂಟು."

ತನ್ನ ಕೈಯ ರಸ ಭರಣಿಯ ಸುಣ್ಣಕ್ಕೆ ಇಳಿದದ್ದು ದೇಯಿಗೆ ಆಗ ಹೊಳೆಯಿತು. ಹೇಳುವಂತಿಲ್ಲ, ಹೆದರಿದರೂ ಬಸಿರು ಜಾರುತ್ತದೆ ಎಂಬ ನಂಬಿಕೆ ಅವಳದು. ಮಗಳ ಬಾಯಿ ತೊಳೆಸಿದಳು, ಮಜ್ಜಿಗೆ ಕುಡಿಸಿದಳು, ತುಪ್ಪ ನೆಕ್ಕಿಸಿದಳು. ಮತ್ತೆ ಎದುರಿಗೇ ಕುಳಿತು ಮಗಳ ಸೀರೆಯನ್ನೇ ನೋಡಿದಳು, ಎಲ್ಲಿ ಕಲೆ ಕಾಣುತ್ತದೋ ಎಂದು. ಚಂಪಾ ಸೊಂಟ ಹಿಡಿದು ಎದ್ದರೆ ದೇಯಿಯೂ ಜೊತೆಗೇ ಏಳುತ್ತಿದ್ದಳು.

ಮುಸ್ಸಂಜೆಗೆ ಚಂಪಾ ನಕ್ಕಳು. "ಒದಿತಾ ಉಂಟು ಅಪ್ಪೆ. ಕೈಯಿಟ್ಟು ನೋಡು."

ದೇಯಿ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟಳು. ಆಮೇಲೆ ಬಾವಿಕಟ್ಟೆಗೆ ಹೋಗಿ ಅತ್ತಳು.

ಹೆರಿಗೆ ಸುಸೂತ್ರವಾಯಿತು, ಹೆಣ್ಣು ಮಗು. ದೇಯಿ ಸೀಗೆ, ಹುಣಸೆ ಹಾಕಿ ಚರ್ಮ ಕಿತ್ತುಬರುವಂತೆ ಕೈ ತಿಕ್ಕಿದಳು. ಆದರೂ ಕೈಗೆ ಸೆರಗು ಸುತ್ತಿಕೊಂಡೇ ಮಗುವನ್ನು ಎತ್ತಿದಳು. ಹೊಟ್ಟೆಪಾಡಿಗೆ ಬೇರೆ ದಾರಿಯಿಲ್ಲದೆ ಮರುವರ್ಷವೂ ಚಿತ್ರಮೂಲವನ್ನೇ ನೆಟ್ಟಳು, ಸೆರಗು ಸುತ್ತುವುದನ್ನೂ ಬಿಡಲಿಲ್ಲ. ಮಾತು ಕಲಿತ ಮೊಮ್ಮಗಳು ಒಂದು ದಿನ ನನ್ನ ಅಂಗೈ ಮುಟ್ಟಿ ನೋಡಿ ಕೇಳಿತು, "ನಿಮ್ಮ ಕೈ ಯಾಕೆ ಅಜ್ಜಿಯ ಕೈಯ ಹಾಗೆ ಬಟ್ಟೆಯದ್ದಲ್ಲ?"