ಮಿಲಿಟರಿ ಡೇರೆಗೆ ಒದ್ದೆ ಗೋಣಿ

ಗಂಗಹನುಮಯ್ಯ ನನ್ನ ಶಾಮಿಯಾನ ಅಂಗಡಿಯಲ್ಲಿ ಜನರೇಟರ್ ನೋಡಿಕೊಳ್ಳುವವನು. ಸಾತನೂರು ಸುತ್ತಮುತ್ತ ಮದುವೆಗಳಿಗೆಲ್ಲ ಕರೆಂಟು ಅವನದೇ. ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಾನೆ. ಹರೆಯದಲ್ಲಿ ಮಿಲಿಟರಿ ಸೇರೋಕೆ ಹೋಗಿ, ಎದೆ ಅಳತೆ ಸಾಲದು ಅಂತ ವಾಪಸ್ಸು ಬಂದವನು. ಹಾಗಾಗಿ ಉಯ್ಯಂಬಳ್ಳಿ ಬಯಲಿಗೆ ತರಬೇತಿಗೆ ಬಂದ ಮಿಲಿಟರಿಯವರು, ತಮ್ಮದೊಂದು ಜನರೇಟರ್ ಕೆಟ್ಟಿದೆ, ಬಾಡಿಗೆಗೆ ಕೊಡಿ ಅಂದಾಗ ನನಗಿಂತ ಮೊದಲು ಲಾರಿ ಹತ್ತಿದ. ಕ್ಯಾಂಪು ಮುಗಿಯೋ ತನಕ ಅವರ ಜೊತೆ ಇರಬೇಕು ಅನ್ನೋದೊಂದೇ ಅವನ ಆಸೆ.

ಅಲ್ಲಿ ನನ್ನ ತಲೆ ಕೆಟ್ಟುಹೋಯಿತು. ಮದುವೆಯಾದರೆ ಎಷ್ಟು ಲೈಟು, ಎಷ್ಟು ಫ್ಯಾನು ಅಂತ ಕೇಳಿ ವೈರು ಎಳೆಯೋದು. ಇಲ್ಲಿ ಸುಬೇದಾರ್ ಶಿವಕುಮಾರ್ ನಕ್ಷೆ ಹಾಸಿಕೊಂಡು, ಯಾವ ಡೇರೆಗೆ ಮೊದಲು ಕರೆಂಟು, ಡೀಸೆಲ್ ಕಮ್ಮಿಯಾದರೆ ಯಾವುದನ್ನು ಆರಿಸೋದು, ಜಾಗ ಬಿಟ್ಟು ಹೊರಟರೆ ಏನು ಬಿಚ್ಚೋದು ಅಂತ ಹೇಳುತ್ತಲೇ ಹೋದರು. ಜನ ಮಲಗೋ ಡೇರೆಗೆ ಫ್ಯಾನೂ ಇಲ್ಲ, ವೈರ್‌ಲೆಸ್ ಮಿಷನ್ ಇಟ್ಟಿರೋ ಡೇರೆಗೆ ಏಸಿ. ಇದ್ಯಾವ ನ್ಯಾಯ ಅಂತ ನನಗೆ ಸಿಟ್ಟೇ ಬಂತು.

"ಮಿಷನ್ ಕಾದ್ರೆ ಕೆಲಸ ನಿಲ್ಲುತ್ತೆ. ಆ ಡೇರೆ ತಣ್ಣಗಿರಬೇಕು, ನೋಡ್ಕೊ" ಅಂತ ಗಂಗಹನುಮಯ್ಯನಿಗೆ ಹೇಳಿ ಸುಬೇದಾರರು ಊಟಕ್ಕೆ ಹೋದರು.

ಆ ಬಿಸಿಲಿಗೆ ಏಸಿ ಸಾಲಲಿಲ್ಲ. ಗಂಗಹನುಮಯ್ಯ ಬೇಸಿಗೆಯಲ್ಲಿ ಹುಳದ ಮನೆಗೆ ಮಾಡೋ ಹಾಗೇ ಮಾಡಿದ. ಗೋಣಿಚೀಲ ನೆನೆಸಿ ಒಳಗೆಲ್ಲ ಇಳಿಬಿಟ್ಟ, ನೆಲಕ್ಕೂ ನೀರು ಚಿಮುಕಿಸಿದ. ನಾನೂ ಭೇಷ್ ಅಂದೆ.

ಸುಬೇದಾರರು ಒಳಗೆ ಕಾಲಿಟ್ಟವರೇ ವೈರ್‌ಲೆಸ್ ಸ್ವಿಚ್ ಆರಿಸಿದರು. ಮಿಷನ್ನಿನ ಮೈಮೇಲೆ ಹನಿ ಕೂತಿತ್ತು.

"ಯಾರಯ್ಯ ಇದು ಮಾಡಿದ್ದು?"

"ನಾನೇ ಸಾ. ತಣ್ಣಗಿರ್ಬೇಕು ಅಂದ್ರಲ್ಲ. ನಮ್ ರೇಷ್ಮೆ ಹುಳದ ಮನೇಗೂ ಹಿಂಗೇ ಮಾಡೋದು."

"ತಣ್ಣಗೂ ಇರಬೇಕು, ಒಣಗಿಯೂ ಇರಬೇಕು ಕಣಯ್ಯ. ಇದೇನು ಸೊಪ್ಪು ತಿನ್ನುತ್ತಾ?"

ನನಗೆ ತಡೆಯಲಿಲ್ಲ. "ಮೊದ್ಲೇ ಹೇಳಕ್ಕೇನಾಗಿತ್ತು ಸಾರ್? ಲೇ, ಕಟ್ಲಾ ಗಂಟು, ಹೋಗಾನ."

ಅವನು ನನ್ನ ಕಡೆ ತಿರುಗಲೂ ಇಲ್ಲ. ಗೋಣಿ ಒಂದೊಂದೇ ಕಿತ್ತು ಹೊರಗೆ ಹಾಕಿದ, ನೆಲ ಒರೆಸಿದ. "ಕಳಿಸ್ಬುಡಬ್ಯಾಡಿ ಸಾ. ಏನ್ ಮಾಡ್ಬೇಕು ಹೇಳಿ, ಅಷ್ಟೇ ಮಾಡ್ತೀನಿ."

ಸುಬೇದಾರರು ಮಿಷನ್ ಒಣಗಿಸಿ, ಹಾಕಿ ನೋಡಿದರು. ಮಾತಾಡಿತು. "ಡೇರೆ ಒಳಕ್ಕೆ ಬರಬೇಡ. ಜನರೇಟರ್ ಹತ್ರಾನೇ ಇರು" ಅಂದರು.

ನಾನು ಲಾರಿ ಹತ್ತುವಾಗ ಅವನು ಹೊಗೆಯ ಪಕ್ಕ ಡೀಸೆಲ್ ಕ್ಯಾನ್ ಮೇಲೆ ಕೂತಿದ್ದ. ಇಷ್ಟು ಬೈಸಿಕೊಂಡವನ ಮುಖದಲ್ಲಿ ಮದುಮಗನ ಕಳೆ. ಇದೊಂದು ನನಗೆ ಇನ್ನೂ ಬಗೆಹರಿದಿಲ್ಲ.

"ಈ ಬಿಸ್ಲಲ್ಲೇ ಕೂತಿರ್ತೀಯೇನ್ಲಾ?"

"ನೀ ನಡಿಯಣ್ಣ. ನಾಳೆ ಜಾಗ ಬದಲಾಯಿಸ್ತಾರಂತೆ. ನಾನೂ ಜೊತೇಲಿ ಹೋಯ್ತೀನಿ."